ರೊಟ್ಟಿ ಸರ್ವೆಯ ಏಳನೇ ಪ್ರಶ್ನೆ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಯುವತಿ, ಪಕ್ಕದಲ್ಲಿ ಟ್ಯಾಬ್ ಹಿಡಿದ ಅವಳ ಮೇಲಧಿಕಾರಿ. ಪ್ಯಾಕೆಟ್ ರೊಟ್ಟಿಯನ್ನು ಯಾರು ಕೊಳ್ಳುತ್ತಾರೆಂಬ ಸರ್ವೆ ಅವರದು.

“ಪಂಚಶೀಲಾ, ಈ ಶೇವಂತಾ ಅನ್ನೋರ ಫಾರ್ಮು ನೀನೇ ರೂಮಿನ್ಯಾಗ ಕುಂತು ತುಂಬಿದ್ದೇನು?”

“ಇಲ್ರೀ ಸರ್. ಅವರ ಅಡಿಗಿ ಮನ್ಯಾಗ ಕುಂತು, ಅವರನ್ನ ಕೇಳೇ ತುಂಬೀನಿ.”

“ಹನ್ನೆರಡು ಸಲ ಮೂರು ಮೂರು ಪ್ಯಾಕೆಟಿನ ಚಿತ್ರ ತೋರ್ಸಿದಿ. ಮೊದಲ ಆರು ಸಲ ರೇಟು ಜಾಸ್ತಿ ಇದ್ರೂ ಒಂದೊಂದು ಆರಿಸ್ಯಾರ. ಏಳರಿಂದ ಮುಂದ ಎಲ್ಲಾ ‘ಯಾವುದೂ ಬ್ಯಾಡ’. ಕಂಪ್ಯೂಟರ್ ಇದನ್ನ ಸುಳ್ಳು ಅಂತದ.”

“ಏಳನೇ ಸಲಕ್ಕ ಅವರ ಅತ್ತಿ ಬಂದು ಬಾಜೂಕ ಕುಂತ್ರು.”

ಅವನು ಟ್ಯಾಬನ್ನು ತೊಡೆಯ ಮೇಲೆ ಮಗುಚಿಟ್ಟ.

“ಆಫೀಸಿನ್ಯಾಗ ಇದನ್ನ ಯಾರೂ ನಂಬಂಗಿಲ್ಲ. ನಿನ್ನ ಕೆಲಸದಿಂದ ತೆಗೀತಾರ. ಕಡೀ ಆರು ಅಳಸಿ ಬಿಡು.”

“ಅಳಸಂಗಿಲ್ರೀ. ಎರಡೂ ಉತ್ತರ ಅವರೇ ಹೇಳಿದ್ದು.”

“ಹಂಗಾರ ಇವತ್ತು ಮತ್ತ ಕೇಳೋಣು. ನಾನೂ ಅವರ ಮುಂದ ಕುಂದರ್ತೀನಿ.”

ಕಮಲಾಪುರ ಬಂತು. ಅವಳು ಬ್ಯಾಗನ್ನು ಹೆಗಲಿಗೇರಿಸಿ ಎದ್ದಳು.

“ನೀವು ಹೊರಗ ಕಟ್ಟಿ ಮ್ಯಾಲೇ ಕುಂದರ್ರಿ ಸರ್. ಒಳಗ ಬಂದ್ರ ಮೂರನೇ ಉತ್ತರ ಬರ್ತದ.”