ಮುನ್ನುಡಿ ಓದಿ ಒಪ್ಪಿದ ಪುಸ್ತಕ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕಾಲೇಜಿನ ಇಬ್ಬರು ಉಪನ್ಯಾಸಕಿಯರು ಕೂತಿದ್ದರು. ಕಿರಿಯಾಕೆಯ ಮಡಿಲಲ್ಲಿ ಆಪರೇಟಿಂಗ್ ಸಿಸ್ಟಮ್ ಬಗೆಗಿನ ಹೊಸ ಪಠ್ಯಪುಸ್ತಕವಿತ್ತು.

"ಕಂಪ್ಯೂಟರ್ ನಿಂತುಹೋದ್ರೆ ತಪ್ಪು ಬಳಸೋರದ್ದೇ ಅಂತ ಬರೆದಿದಾರೆ ಮೇಡಂ. ಕುಣಿಯಲಾರದೋರು ನೆಲ ಡೊಂಕು ಅಂದ ಹಾಗಾಯ್ತು."

"ಬರೆದೋರು ಪ್ರಿನ್ಸಿಪಾಲರು ಕಣಮ್ಮ."

"ಒಂದು ಪ್ರೋಗ್ರಾಮ್ ಹಿಡ್ಕೊಂಡಿರೋದು ಇನ್ನೊಂದಕ್ಕೆ ಬೇಕಾಗಿ, ನೀನು ಮೊದಲು ಬಿಡು, ನೀನು ಮೊದಲು ಬಿಡು ಅಂತ ಕಾಯ್ತಾ ಕೂತ್ರೆ ಎರಡೂ ನಿಲ್ಲುತ್ತೆ. ಇಷ್ಟನ್ನ ಮಕ್ಕಳಿಗೆ ಹೇಳೋಕೆ ಏನು ಕಷ್ಟ?"

"ಅದೆಲ್ಲ ಈಗ್ಯಾಕೆ? ಈ ವರ್ಷ ಇದೇ ಪುಸ್ತಕ ಅಂತ ನಾನು ಒಪ್ಪಿಗೆ ಕೊಟ್ಟಾಯ್ತು."

"ಓದಿದ್ರಾ?"

ಹಿರಿಯಾಕೆ ಕಿಟಕಿಯತ್ತ ತಿರುಗಿದರು. "ಮುನ್ನುಡಿ ಓದಿದೆ."

"ಹಾಗಾದ್ರೆ ಪಾಠಾನೂ ನೀವೇ ಮಾಡಿ. ಮಕ್ಕಳು ಯಾಕೆ ಅಂತ ಕೇಳಿದ್ರೆ ಮುನ್ನುಡಿ ಓದಿ ಹೇಳಿ."

ಪುಸ್ತಕವನ್ನು ಹಿರಿಯಾಕೆಯ ಕೈಗಿಟ್ಟು, ಬಸ್ಸು ನಿಂತೊಡನೆ ಕಿರಿಯಾಕೆ ಇಳಿದು ಹೋದರು. ಹಿರಿಯಾಕೆ ಮೊದಲ ಅಧ್ಯಾಯ ತೆರೆದರು. ತಾವು ದಿನಾ ಇಳಿಯುವ ನಿಲ್ದಾಣ ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ.