ಮೂಕಿ ಚಿತ್ರದ ಹುಡುಗಿ ಹೇಳದ ಮಾತು

ನನ್ನ ಹೆಸರು ಮೇಘಶ್ರೀ, ತಂದೆ ನರಸಿಂಹಪ್ಪ, ವಯಸ್ಸು 26 ವರ್ಷ, ಬಿಡಿಭಾಗಗಳ ಖಾಸಗಿ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ, ವಾಸ ಮೂಕಂಡಪಲ್ಲಿ, ಹೊಸೂರು. ಸ್ವಂತ ಊರು ಮಾಲೂರು ಕಡೆ. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ಆದ್ದರಿಂದ ಕನ್ನಡ ಬಲ್ಲ ಹೆಡ್ ಕಾನ್‌ಸ್ಟೇಬಲ್ ತಿಮ್ಮರಾಜು ಅವರ ಮುಂದೆ, ಯಾರ ಒತ್ತಾಯವೂ ಇಲ್ಲದೆ, ಕನ್ನಡದಲ್ಲೇ ಹೇಳಿ ಬರೆಸುತ್ತಿರುವುದು ಏನೆಂದರೆ:

ನಮ್ಮ ಬೀದಿಯ ನಿವಾಸಿಗಳ ಸಂಘದವರು ತಿಂಗಳ ಕೊನೆಯ ಭಾನುವಾರ ಪರದೆ ಕಟ್ಟಿ ಸಿನಿಮಾ ತೋರಿಸುತ್ತಾರೆ. ಬೇರೆ ಭಾಷೆಯ ಚಿತ್ರವಾದರೆ ಒಬ್ಬರು ಮೈಕ್ ಹಿಡಿದು ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಕಥೆ ಹೇಳುವುದು ವಾಡಿಕೆ. ಈ ಕೆಲಸ ಎದುರು ಸಾಲಿನ ಕುಮಾರೇಶ್, ಸುಮಾರು 30 ವರ್ಷ, ಇವನದು. ಇದೇ ಕುಮಾರೇಶ್ ಯುಗಾದಿಯಿಂದ ನನ್ನ ಕಾರ್ಖಾನೆ ಬಸ್ಸಿನ ಹಿಂದೆ ಬೈಕಿನಲ್ಲಿ ಬರುತ್ತಿದ್ದಾನೆ. ಮದುವೆಯಾಗು ಎಂದು ಕೇಳಿದ, ಬೇಡ ಎಂದೆ. ಮತ್ತೆ ಕೇಳಿದ, ಮತ್ತೆ ಬೇಡ ಎಂದೆ. ಸಂಘದ ಕಾರ್ಯದರ್ಶಿ ಸುಬ್ಬರಾಮ ಅವರಿಗೆ ದೂರು ಹೇಳಿದಾಗ, ಹುಡುಗ ಒಳ್ಳೆಯವನೆಂದೂ ನಾನು ನಾಚಿಕೆಗೆ ಹಾಗೆ ಹೇಳುತ್ತಿದ್ದೇನೆಂದೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಾಚಿಕೆಗೆ ಯಾರಾದರೂ ಆರು ತಿಂಗಳು ಬೇಡ ಎನ್ನುತ್ತಾರೆಯೇ ಎಂದು ಕೇಳಿದೆ. 

ದಿನಾಂಕ 27-10-2024 ಭಾನುವಾರ ಸಂಜೆ 7 ಗಂಟೆಗೆ ಹಳೆಯ ಕಾಲದ ಭಯದ ಮೂಕಿ ಚಿತ್ರ ಹಾಕಿದ್ದರು. ನಾನು ತಾಯಿ ಚೆಲುವಮ್ಮನ ಜೊತೆ ಪರದೆಯಿಂದ ಸುಮಾರು 15 ಅಡಿ ದೂರದಲ್ಲಿ ಕುಳಿತಿದ್ದೆ. ಮುಖ ಮುಚ್ಚಿಕೊಂಡ ಗಡಿಯಾರ ರಿಪೇರಿಯವನೊಬ್ಬ ಹಾಡುವ ಹುಡುಗಿಯ ಹಿಂದೆ ಬಿದ್ದು, ಅವಳನ್ನು ಗಡಿಯಾರದ ಗೋಪುರದಲ್ಲಿ ಕೂಡಿಹಾಕುವ ಕಥೆ. ಹುಡುಗಿ ಬಾಗಿಲು ಬಡಿಯುತ್ತಾಳೆ. ಬಾಗಿಲು ತೆಗೆ, ನನ್ನನ್ನು ಬಿಡು ಎಂದು ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಬಂತು. ಅದನ್ನು ನಾನೇ ಓದಿದ್ದೇನೆ. ಕುಮಾರೇಶ್ ತಮಿಳಿನಲ್ಲಿ ಅದನ್ನೇ ಹೇಳಿದ. ಕನ್ನಡದಲ್ಲಿ ಮಾತ್ರ, "ಯಾಕ್ಲಾ ಇಷ್ಟೊತ್ತು ಬರ್ಲಿಲ್ಲ, ನಿಂಗೋಸ್ಕರಾನೇ ಕಾಯ್ತಾ ಕುಂತಿವ್ನಿ" ಎಂದು ಹುಡುಗಿ ಹೇಳುತ್ತಿದ್ದಾಳೆ ಎಂದ. ಮುಂದೆ, ಸೆಕೆಂಡ್ ಶಿಫ್ಟ್ ಮುಗಿದಾಗ ತಾನು ಬೈಕ್ ತರಲಿಲ್ಲವೆಂದು ಮೇಘಾಗೆ ಮುನಿಸು ಎಂದ. ಜನ ಹೋ ಎಂದು ನಕ್ಕರು. ತಮಿಳಿನವರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದನೋ ಏನೋ, ನಮ್ಮ ಬೀದಿಯಲ್ಲಿ ಕನ್ನಡ ತಿಳಿಯದವರು ಯಾರೂ ಇಲ್ಲ. ಅವರೂ ತಿರುಗಿ ನನ್ನನ್ನೇ ನೋಡಿದರು.

ನನ್ನ ತಾಯಿ ತಲೆ ತಗ್ಗಿಸಿಕೊಂಡು, ನಾಳೆಯಿಂದ ಡ್ಯೂಟಿ ಬ್ಯಾಡ, ಮಾಲೂರಿಗೆ ಹೋಗ್ಬುಡಾನ ಎಂದರು. ತಪ್ಪು ಮಾಡಿದವನು ಮೈಕ್ ಹಿಡಿದು ನಿಂತಿದ್ದಾನೆ, ಕೆಲಸ ಬಿಡಬೇಕಾದವಳು ನಾನು. ನಾನು ಎದ್ದು ಹೋಗಿ ಮೈಕ್ ಕಸಿದುಕೊಂಡೆ. ಆ ಹುಡುಗಿ ಬಿಡು ಎನ್ನುತ್ತಿದ್ದಾಳೆ, ನಾನೂ ಅದನ್ನೇ ಹೇಳುತ್ತಿದ್ದೇನೆ, ಇವನನ್ನು ಮದುವೆಯಾಗುವುದಿಲ್ಲ ಎಂದು ಎರಡೂ ಭಾಷೆಯಲ್ಲಿ ಹೇಳಿದೆ. ಕುಮಾರೇಶ್ ನನ್ನ ಎಡಗೈ ಮಣಿಕಟ್ಟು ತಿರುಚಿ ಮೈಕ್ ಕಿತ್ತುಕೊಂಡ. ಬಳೆ ಒಡೆದು ರಕ್ತ ಬಂತು. ಸಿಟ್ಟು ಬಂದರೆ ಇವಳು ಇನ್ನೂ ಚೆಂದ ಎಂದು ಮೈಕಿನಲ್ಲಿ ಹೇಳಿದ. ಮತ್ತೆ ನಕ್ಕರು. ಪರದೆ ಮೇಲೆ ಹುಡುಗಿ ಬರಿಗಾಲಲ್ಲಿ ಮೆಟ್ಟಿಲು ಇಳಿದು ಓಡುತ್ತಿದ್ದಳು. ಹುಡುಗಿ ಒಪ್ಪಿಕೊಂಡಳು, ಕಥೆ ಮುಗಿಯಿತು ಎಂದು ಅವನು ಹೇಳಿದ. ಸುಬ್ಬರಾಮ ಅವರು ಚಪ್ಪಾಳೆ ತಟ್ಟಿದರು.

ಈ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕುಮಾರೇಶ್ ನನಗೆ ಬೈಕ್ ಅಡ್ಡ ನಿಲ್ಲಿಸಿ, "ನಾನ್ ಹೇಳ್ದಂಗೇ ಮುಗೀತದೆ ಕಣೇ ಕಥೆ" ಎಂದ. ಆಗ ಸುತ್ತ ಯಾರೂ ನಗಲಿಲ್ಲ, ಯಾರೂ ಮುಂದೆ ಬರಲೂ ಇಲ್ಲ. ನನಗೆ ಭಯವಾಯಿತು. ಬಸ್ ಬಿಟ್ಟು ನೇರವಾಗಿ ಠಾಣೆಗೆ ಬಂದಿದ್ದೇನೆ. ಅವನು ನನ್ನ ಹಿಂದೆ ಬಾರದಂತೆ ಕ್ರಮ ಕೈಗೊಳ್ಳಬೇಕು. ನಾನು ಕೆಲಸ ಬಿಡುವುದಿಲ್ಲ.

ಈ ಹೇಳಿಕೆಯನ್ನು ತಿಮ್ಮರಾಜು ಅವರು ನನಗೆ ಓದಿ ಹೇಳಿದರು. ಅದರಲ್ಲಿ "ಪ್ರೇಮದ ವಿಚಾರವಾಗಿ ಇಬ್ಬರಿಗೂ ಮನಸ್ತಾಪ ಬಂದು" ಎಂದಿತ್ತು. ನಾನು ಹಾಗೆ ಹೇಳಿಲ್ಲ. ಅದನ್ನು ಹೊಡೆದುಹಾಕಿಸಿ, "ಬೇಡ ಎಂದೆ" ಎಂದು ಬರೆಸಿದ್ದೇನೆ. ಅಷ್ಟೇ ಸಾಕೇನಮ್ಮ ಎಂದು ಕೇಳಿದರು. ಅಷ್ಟೇ ಎಂದೆ. ಈಗ ಇದರಲ್ಲಿರುವುದು ನನ್ನ ಮಾತು.

ಸ್ಥಳ: ಹೊಸೂರು
ದಿನಾಂಕ: 28-10-2024
ಸಹಿ: ಮೇಘಶ್ರೀ ಎನ್.