ಎಡಗಣ್ಣಿಗೆ ಬಂದ ಭೂತಗನ್ನಡಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಗಡಿಯಾರ ರಿಪೇರಿಯವರು ಕೂತಿದ್ದರು, ಅವರಾಚೆ ಅವರ ಹೆಂಡತಿ. ಇಬ್ಬರೂ ಡಾಕ್ಟರ ಕೋಣೆಯಿಂದ ಆಗಷ್ಟೇ ಹೊರಬಂದಿದ್ದರು. ಆಕೆಯೇ ಮಾತು ತೆಗೆದರು.

“ಬಲಗಣ್ಣಿನ ಒಳಪರದೆಯ ನಟ್ಟನಡುವೆ ತೂತು ಬಿದ್ದಿದೆಯಂತೆ. ನಿಮಗೆ ಯಾವಾಗಿಂದ ಗೊತ್ತು?”

“ಹೋದ ವರ್ಷದಿಂದ. ಮುಳ್ಳಿನ ತುದಿ ಕಾಣ್ತಿತ್ತು, ನಡುವೆ ಬರೀ ಮಬ್ಬು.”

“ಆಮೇಲೆ?”

“ಭೂತಗನ್ನಡೀನ ಎಡಗಣ್ಣಿಗೆ ಸಿಕ್ಕಿಸ್ಕೊಂಡೆ. ಕೆಲಸ ನಡೀತು.”

“ಯಾಕೆ ಕಣ್ಣು ಬದಲಾಯಿಸಿದ್ರಿ ಅಂತ ನಾನು ಕೇಳಿದ್ದಕ್ಕೆ ಬಲಗಣ್ಣಿಗೆ ರಜೆ ಕೊಟ್ಟಿದೀನಿ ಅಂದ್ರಿ. ನಾನೂ ಮಂಕುದಿಣ್ಣೆ ಹಾಗೆ ನಕ್ಕೆ.”

“ಆಪರೇಷನ್ ಮಾಡ್ತಾರಲ್ಲ, ಬಿಡು.”

“ತೂತು ಮುಚ್ಚೋಕೆ ಮಾಡ್ತಾರೆ. ಹೋದ ದೃಷ್ಟಿ ಬರುತ್ತೆ ಅಂತ ಹೇಳಲಾರೆ ಅಂದ್ರಲ್ಲ ಡಾಕ್ಟರು, ಅದು ಕೇಳಿಸ್ಲಿಲ್ವಾ? ಕಿವೀನೂ ಬದಲಾಯಿಸಿದ್ರಾ?”

“ಮೆಲ್ಲಗೆ ಮಾತಾಡೇ, ಜನ ಇದ್ದಾರೆ.”

“ಇರಲಿ. ಊರವರ ಗಡಿಯಾರ ಒಂಚೂರು ಹಿಂದೆ ಬಿದ್ರೆ, ಮೊದಲೇ ಯಾಕೆ ತರ್ಲಿಲ್ಲ ಅಂತ ಬಯ್ಯೋ ಬಾಯಿ ನಿಮ್ಮದು.”

ನರ್ಸ್ ಹನಿ ಔಷಧಿಯ ಬಾಟಲಿ ಹಿಡಿದು ಬಂದಳು.

“ಯಾವ ಕಣ್ಣು, ಯಜಮಾನ್ರೇ?”

ಅವರು ಬಾಯಿ ತೆರೆಯುವ ಮುಂಚೆಯೇ ಆಕೆ ಎದ್ದು ನಿಂತರು.

“ಬಲಗಣ್ಣು. ಇವರನ್ನ ಕೇಳಬೇಡಿ ಸಿಸ್ಟರ್, ಇದನ್ನೂ ಎಡಗಣ್ಣಿನ ಮೇಲೆ ಹಾಕ್ಬಿಡ್ತಾರೆ.”

ಹನಿ ಹಾಕಿಸಿ, ಬಲಗಡೆಯಿಂದ ಅವರ ತೋಳು ಹಿಡಿದು, ಒಳಗೆ ಕರಕೊಂಡು ಹೋದರು.